ಎರಡು ಬೆರಳಿನ ಸಂದು

ಗ್ಲಾಸ್ಗೋ
ಭಾನುವಾರ, 8 ಅಕ್ಟೋಬರ್ 1961

ಪ್ರೀತಿಯ ಅಜ್ಜಿ,

ಭಾನುವಾರ ಲೇಖನಿ ಮುಟ್ಟಬಾರದು ಎನ್ನುತ್ತೀ. ಮುಟ್ಟಿದ್ದೇನೆ. ನಾಳೆಯವರೆಗೆ ತಡೆದುಕೊಂಡರೆ ಹೊಟ್ಟೆಯೊಳಗಿನ ಬೆಂಕಿ ನನ್ನ ಬಸ್ಸಿಗೇ ಹತ್ತಿಕೊಂಡೀತು.

ನಿನ್ನೆ ನಮ್ಮ ಪೋರ್ಟ್‌ಗಾರ್ವಿಯ ಹುಡುಗಿ, ಹಗ್ಗದಂಗಡಿಯವರ ಮಗಳು ನೋರಾ, ನನ್ನ ಬಸ್ಸು ಹತ್ತಿದಳು. ನನ್ನ ಕಂಡಕ್ಟರ್ ಟೋಪಿ ನೋಡಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: "ಅಲ್ವೇ ಎಪ್ಪಿ, ಈಗ ನಿಮ್ಮಜ್ಜೀನ ಎಲ್ಲಿ ಕೂರಿಸಿ ಊಟಕ್ಕೆ ಹಾಕ್ತಾರೆ?"

"ಎಲ್ಲಿ ಅಂದ್ರೆ? ಮೇಜಿನ ಮುಂದೆ."

"ಅಯ್ಯೋ, ನಿಂಗೆ ಗೊತ್ತೇ ಇಲ್ವಾ? ಸಭೆಯಿಂದ ಹೊಸ ಆಜ್ಞೆ ಬಂದಿದೆ. ಸಭೆಯವರು ಹೊರಗಿನವರ ಜೊತೆ ಒಂದೇ ಮೇಜಲ್ಲಿ ಉಣ್ಣೋ ಹಾಗಿಲ್ಲ. ಹೆತ್ತವರಾದ್ರೂ ಅಷ್ಟೇ, ಹುಟ್ಟಿದವರಾದ್ರೂ ಅಷ್ಟೇ."

ಟಿಕೆಟ್ ಕೊಡುವುದನ್ನು ಮರೆತು ಎರಡು ನಿಲ್ದಾಣ ಹಾಗೇ ನಿಂತಿದ್ದೆ.

ಅಜ್ಜಿ, ಇದು ನಿಜವೇ? ನಮ್ಮ ಮನೆಯಲ್ಲಿ ಮೊದಲಿನಿಂದಲೂ ಮೂರು ದಾರಿ. ನೀನು ಊರ ಚರ್ಚಿಗೆ, ಅಪ್ಪ ಅಮ್ಮ ಚರ್ಚಿನಿಂದ ಬೇರೆಯಾದ ತಮ್ಮ ಕಟ್ಟುನಿಟ್ಟಿನ ಸಭೆಗೆ, ನಾನು ಎಲ್ಲಿಗೂ ಇಲ್ಲ. ಆದರೂ ಮೀನಿನ ಸಾರು ಒಂದೇ ಪಾತ್ರೆಯಿಂದ ಬರುತ್ತಿತ್ತು. ಎರಡು ವರ್ಷದ ಹಿಂದೆ ಒಂದು ದಿನ ಅಪ್ಪ ಊಟದ ಪ್ರಾರ್ಥನೆ ಶುರು ಮಾಡಿದಾಗ ನಾನು ಕುರ್ಚಿ ಹಿಂದಕ್ಕೆ ತಳ್ಳಿ, ಬಟ್ಟಲು ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತು ಉಂಡೆನಲ್ಲ, ನೆನಪಿದೆಯೇ? ಬಡಗಣ ಗಾಳಿಗೆ ಸಾರು ಆರಿ ಕೆನೆಗಟ್ಟಿತ್ತು. ನಂಬದ ದೇವರ ಮುಂದೆ ತಲೆ ಬಗ್ಗಿಸುವುದಕ್ಕಿಂತ ಆ ತಣ್ಣನೆಯ ಸಾರೇ ರುಚಿಯಾಗಿತ್ತು. ಅಂದು ನಾನಾಗಿ ಎದ್ದೆ. ನಿನ್ನನ್ನು ಎಬ್ಬಿಸಲು ಅವರು ಯಾರು?

ಹವಾಮಾನದ ಸುದ್ದಿ ಬೇಡ. ನಿಜ ಬರೆ.

ನಿನ್ನ,
ಎಪ್ಪಿ


ಪೋರ್ಟ್‌ಗಾರ್ವಿ
ಶನಿವಾರ, 14 ಅಕ್ಟೋಬರ್ 1961

ಪ್ರೀತಿಯ ಎಪ್ಪಿ,

ಹವಾಮಾನ ಬೇಡ ಎಂದೆ. ಆದರೂ ಹೇಳುತ್ತೇನೆ, ಮೂರು ದಿನದಿಂದ ದೋಣಿಗಳು ಹೊರಗೆ ಹೋಗಿಲ್ಲ. ಗಂಡಸರು ಮನೆಯಲ್ಲೇ ಇದ್ದರೆ ಏನಾಗುತ್ತದೆ ಎಂಬುದು ನಿನಗೆ ಗೊತ್ತು. ಏನಾದರೂ ಕಡಿಯುತ್ತಾರೆ, ಇಲ್ಲ ಬಡಿಯುತ್ತಾರೆ.

ನೋರಾ ಹೇಳಿದ್ದು ನಿಜ. ಆಜ್ಞೆ ಬಂದಿದೆ. ನಿನ್ನಪ್ಪ ಸ್ಯಾಂಡಿ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೆಯ ದಿನ ನಿನ್ನ ತಾತನ ಮೇಜನ್ನು ಅಂಗಳಕ್ಕೆ ಹೊತ್ತುಕೊಂಡು ಹೋಗಿ ನಡುವೆ ಗರಗಸ ಹಾಕಿದ. ಕತ್ತರಿಸಿದ ಕಡೆ ಎರಡೆರಡು ಹೊಸ ಕಾಲು ಕೂರಿಸಿದ, ಹಳೆಯ ಪಟಕಂಬದ ಮರದ್ದು. ಈಗ ನನಗೆ ನನ್ನದೇ ಮೇಜಿದೆ. ಅದಕ್ಕೂ ನಾಲ್ಕು ಕಾಲು. ಅಲುಗಾಡುವುದಿಲ್ಲ.

ಊಟಕ್ಕೆ ಕೊರತೆಯಿಲ್ಲ. ಕೂತಲ್ಲಿಂದಲೇ ಉಪ್ಪು ಕೈಗೆಟಕುತ್ತದೆ. ನೀನು ಸಂಕಟ ಪಡಬೇಡ.

ಹೆಚ್ಚು ಬರೆಯುವುದಿಲ್ಲ. ಕಾಗದಕ್ಕೆ ಬಾಯಿ ಇದೆ.

ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯಾ?

ನಿನ್ನ ಅಜ್ಜಿ


ಗ್ಲಾಸ್ಗೋ
ಮಂಗಳವಾರ, 17 ಅಕ್ಟೋಬರ್ 1961

ಅಜ್ಜಿ,

ಗರಗಸ! ತಾತನ ಮೇಜಿಗೆ!

ತಾತ ತನ್ನ ಮೊದಲ ದೋಣಿ ಒಡೆದಾಗ ಅದರ ಹಲಗೆ ಆಯ್ದು ಮಾಡಿದ ಮೇಜು ಅದು. ಅದರ ಮೇಲೆ ನಾನು ಅಕ್ಷರ ಕಲಿತೆ. ತಾತನ ಹೆಣವನ್ನು ಅದರ ಮೇಲೆಯೇ ಮಲಗಿಸಿದ್ದರು. ಅಪ್ಪ ಅದನ್ನು ಹಂದಿಮಾಂಸ ಕೊಯ್ದ ಹಾಗೆ ಎರಡು ಮಾಡಿದನೇ? ನೀನು ಅದನ್ನು ಕಾಲುಚೀಲದ ಸುದ್ದಿಯ ಪಕ್ಕದಲ್ಲಿ ಬರೆಯುತ್ತೀ!

ದೋಣಿಯಲ್ಲಿ ಹಂದಿ ಎಂಬ ಪದ ಎತ್ತಿದರೆ ಬಲೆ ಬರಿದಾಗುತ್ತದೆ ಎಂದು ಕಬ್ಬಿಣ ಮುಟ್ಟುವ ಮನುಷ್ಯ ಅವನು. ಪಾದ್ರಿ ಎಂಬ ಪದವನ್ನೂ ಎತ್ತುವುದಿಲ್ಲ. ಅಷ್ಟೆಲ್ಲ ಹೆದರುವವನಿಗೆ ಹೆತ್ತವಳ ಪಂಕ್ತಿ ಬೇರೆ ಮಾಡಲು ಮಾತ್ರ ಹೆದರಿಕೆ ಆಗಲಿಲ್ಲ.

ನನ್ನ ಬಸ್ಸನ್ನು ನೋಡು. ಶನಿವಾರ ಕಾಲ್ಚೆಂಡಿನ ಆಟ ಮುಗಿದ ಮೇಲೆ ಹಸಿರು ಶಾಲಿನ ಕ್ಯಾಥೊಲಿಕರೂ ನೀಲಿ ಶಾಲಿನ ಪ್ರಾಟೆಸ್ಟೆಂಟರೂ ಒಟ್ಟಿಗೆ ನುಗ್ಗುತ್ತಾರೆ. ಒಬ್ಬರ ಅಮ್ಮನನ್ನು ಇನ್ನೊಬ್ಬರು ಬೈಯುತ್ತಾರೆ. ಆದರೆ ಪಕ್ಕದ ಸೀಟು ಖಾಲಿಯಾದರೆ ಕೂರುತ್ತಾರೆ! ಈ ಊರಿನ ಕುಡುಕರಿಗಿರುವ ಬುದ್ಧಿ ನಮ್ಮೂರಿನ ಸಂತರಿಗೆ ಇಲ್ಲ.

ನೀನು "ಉಪ್ಪು ಕೈಗೆಟಕುತ್ತದೆ" ಎಂದು ಬರೆದೆಯಲ್ಲ, ಆ ಸಾಲು ಓದಿ ಅತ್ತೆ. ಐವತ್ತು ವರ್ಷ ಆ ಮನೆಗೆ ಉಪ್ಪು ಹಾಕಿದವಳು ಈಗ ಅವರ ಮೇಜಿನಿಂದ ಕೈ ಚಾಚಿ ಉಪ್ಪು ಬೇಡಬೇಕೇ? ನಾನು ನಿನಗೆ ನಿನ್ನದೇ ಉಪ್ಪಿನ ಬಟ್ಟಲು ಕೊಡಿಸುತ್ತೇನೆ. ಅದಕ್ಕಿಂತ ಒಳ್ಳೆಯದು, ಇಲ್ಲಿಗೇ ಬಂದುಬಿಡು. ನನ್ನ ಕೋಣೆಯಲ್ಲಿ ಗ್ಯಾಸ್ ಒಲೆ ಇದೆ, ಕಿಟಕಿ ಇದೆ, ದೇವರು ಇಲ್ಲ.

ಎಪ್ಪಿ


ಪೋರ್ಟ್‌ಗಾರ್ವಿ
ಶನಿವಾರ, 11 ನವೆಂಬರ್ 1961

ಪ್ರೀತಿಯ ಎಪ್ಪಿ,

ತಡವಾಯಿತು. ಕೈಬೆರಳು ಬಾತಿವೆ. ಅರುವತ್ತು ವರ್ಷದ ಹಿಂದೆ ಹೊಕ್ಕ ಉಪ್ಪು ಚಳಿ ಬಿದ್ದ ಕೂಡಲೇ ಈಗಲೂ ಎದ್ದು ಕೂರುತ್ತದೆ.

ಗ್ಲಾಸ್ಗೋಗೆ ನಾನು ಬರುವುದಿಲ್ಲ. ಎಂಬತ್ತಕ್ಕೆ ಮೂರು ತಿಂಗಳಿದೆ. ಈ ವಯಸ್ಸಿನಲ್ಲಿ ಕಡಲು ಕಾಣದ ಕಿಟಕಿ ಇಟ್ಟುಕೊಂಡು ಏನು ಮಾಡಲಿ?

ನೀನು ಬಸ್ಸಿನ ಮಾತು ಬರೆದೆ. ನನಗೆ ಮೀನಿನ ತೊಟ್ಟಿ ನೆನಪಾಯಿತು. ಹೆರಿಂಗ್ ಮೀನು ಕೊಯ್ಯಲು ಯಾರ್ಮತ್‌ಗೆ ಹೋಗುತ್ತಿದ್ದಾಗ ನಾವು ಮೂವರು ಒಂದು ತಂಡ. ಇಬ್ಬರು ಕೊಯ್ಯುವವರು, ಒಬ್ಬಳು ಪೀಪಾಯಿಗೆ ತುಂಬುವವಳು. ತುಂಬುವವಳು ಬಾರಾ ದ್ವೀಪದ ಕ್ಯಾಥೊಲಿಕ್ ಹುಡುಗಿ. ಹಾಸಿಗೆಯ ತಲೆಗೆ ಜಪಮಣಿ ನೇತುಹಾಕುತ್ತಿದ್ದಳು. "ಆ ಮಣಿ ಗಲಗಲ ನಿಲ್ಸೇ, ನಿದ್ದೆ ಬರಲ್ಲ" ಎಂದು ನಾನು ಬೈಯುತ್ತಿದ್ದೆ. "ನಿನ್ನ ಗೊರಕೆ ನಿಲ್ಸು, ದೇವರಿಗೆ ನನ್ನ ಮಾತು ಕೇಳಿಸ್ತಿಲ್ಲ" ಎನ್ನುತ್ತಿದ್ದಳು. ಬೆರಳು ಕೊಯ್ದುಕೊಂಡರೆ ಅವಳೇ ಬಟ್ಟೆ ಸುತ್ತಬೇಕಿತ್ತು. ಬೇರೆ ಯಾರಿದ್ದರು?

ಹೋದ ವಾರ ಸಭೆಯ ಹಿರಿಯ ಗಿಲ್ಬರ್ಟ್ ಮೇರ್ ಬಾಗಿಲಿಗೆ ಬಂದಿದ್ದ. ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಸ್ಯಾಂಡಿಯನ್ನು ಕೇಳಿದ.

"ನಿಮ್ಮಮ್ಮ ಬೇರೆ ಉಣ್ತಾರೆ ತಾನೇ?"

"ಬೇರೆ ಮೇಜು ಮಾಡಿಕೊಟ್ಟಿದ್ದೀನಿ."

"ಬೇರೆಯೇ?"

"ಬೇರೆಯೇ. ನಾಲ್ಕು ಕಾಲಿದೆ, ಎಣಿಸ್ತೀಯಾ?"

ಗಿಲ್ಬರ್ಟ್ ಹೋದ. ಸ್ಯಾಂಡಿ ಬಂದು ಊಟಕ್ಕೆ ಕೂತ. ಅವನು ಅವನ ಮೇಜಿನ ಕೊನೆಗೆ, ನಾನು ನನ್ನ ಮೇಜಿನ ಕೊನೆಗೆ. ನಡುವೆ ಎರಡು ಬೆರಳು ಸಂದು. ನಿನ್ನ ಬೆರಳಲ್ಲ, ನನ್ನ ಬಾತ ಬೆರಳು. ಉಪ್ಪಿನ ಬಟ್ಟಲು ಅಂಚಿನಲ್ಲಿರುತ್ತದೆ. ಯಾರ ಅಂಚು ಎಂದು ಯಾರೂ ಕೇಳುವುದಿಲ್ಲ.

ನಿನ್ನಪ್ಪ ಮಾತು ಕಡಿಮೆಯವನು. ಅವನ ಕೈಕೆಲಸ ನೋಡಿ ಅವನನ್ನು ಓದಿಕೊಳ್ಳಬೇಕು. ನೀನು ಓದುವವಳಲ್ಲವೇ?

ಬಟ್ಟಲು ಕೊಳ್ಳಬೇಡ. ಬೇಕಾಗಿಲ್ಲ.

ನಿನ್ನ ಅಜ್ಜಿ


ಗ್ಲಾಸ್ಗೋ
ಸೋಮವಾರ, 4 ಡಿಸೆಂಬರ್ 1961

ಪ್ರೀತಿಯ ಅಜ್ಜಿ,

ಓದಿಕೊಂಡೆ. ಚೆನ್ನಾಗಿ ಓದಿಕೊಂಡೆ. ನಿನ್ನ ಪತ್ರದ ಸಾಲುಗಳ ನಡುವೆ ಏನಿದೆ ಎಂದು ನನಗೆ ಗೊತ್ತು. ಕಾಗದಕ್ಕೆ ಬಾಯಿ ಇದೆ ಎಂದು ನೀನು ಬರೆದದ್ದು ಹೆದರಿ. ನಿನ್ನ ಬಾಯಿ ಕಟ್ಟಿದ್ದಾರೆ. ಇನ್ನು ಆ ಬಾಯಿ ನಾನು.

ಚಮ್ಮಾರನ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಗುರುವಾರ ಸೇರುವ ನಮ್ಮ ಚರ್ಚಾಕೂಟದ ಬಗ್ಗೆ ಹಿಂದೆ ಬರೆದಿದ್ದೆ. ಒಂಬತ್ತು ಜನ ಇದ್ದೇವೆ. ಎಲ್ಲರೂ ಕೆಲಸಗಾರರು, ಯಾರೂ ಕಾಲೇಜು ಕಂಡವರಲ್ಲ. ಕರಪತ್ರ ಓದಿಯೇ ಕಣ್ಣು ತೆರೆದವರು. ನಾವೀಗ ನಮ್ಮದೇ ಕರಪತ್ರ ಅಚ್ಚು ಹಾಕಿದ್ದೇವೆ. ಬರೆದವಳು ನಾನು! ಹೆಸರು "ದೇವರ ಗರಗಸ". ಜೊತೆಗಿಟ್ಟಿದ್ದೇನೆ. ನಿನ್ನ ಕಣ್ಣಿಗೆ ತ್ರಾಸವಾಗದಿರಲಿ ಎಂದು ಮುಖ್ಯ ಭಾಗವನ್ನು ಇಲ್ಲಿ ದೊಡ್ಡದಾಗಿ ಬರೆಯುತ್ತೇನೆ:

"ನಮ್ಮ ಉತ್ತರ ಕರಾವಳಿಯ ಒಂದು ಊರು. ಒಂದು ಅಡುಗೆಮನೆ. ಅಲ್ಲಿ ಒಬ್ಬ ಮಗ, ದೇವರ ಹೆಸರಿನಲ್ಲಿ, ತನ್ನ ತಂದೆ ಮಾಡಿದ ಮೇಜನ್ನು ಗರಗಸದಿಂದ ಕೊಯ್ದಿದ್ದಾನೆ. ಎಂಬತ್ತರ ತಾಯಿ ಒಂದು ತುಂಡಿನ ಮುಂದೆ, ಮಗ ಇನ್ನೊಂದರ ಮುಂದೆ. ನಡುವೆ ಎರಡು ಬೆರಳಿನ ಸಂದು. ಆ ಸಂದಿನ ಮೇಲೆ ತಾಯಿ ಕೈ ಚಾಚಿ ಮಗನ ಉಪ್ಪು ತೆಗೆದುಕೊಳ್ಳುತ್ತಾಳೆ. ಹೇಳಿ, ಹಿರಿಯರೇ, ನಿಮ್ಮ ಸ್ವರ್ಗ ಇರುವುದು ಈ ಎರಡು ಬೆರಳಿನ ಒಳಗೋ? ಉಪ್ಪು ದಾಟುವ ಸಂದನ್ನು ತಾಯಿ ದಾಟಬಾರದೇಕೆ?"

ಕೂಟದಲ್ಲಿ ಓದಿದಾಗ ಚಮ್ಮಾರ ಮುದುಕ ಸುತ್ತಿಗೆ ಕೆಳಗಿಟ್ಟು, "ಹುಡುಗಿ, ಇದು ಮೊಳೆ ಹೊಡೆದಂಗಿದೆ" ಎಂದ.

ಯಾರ ಹೆಸರೂ ಹಾಕಿಲ್ಲ. ಊರಿನ ಹೆಸರೂ ಇಲ್ಲ. ಆದರೆ ನಾಚಿಕೆ ಪಡಬೇಕಾದವರು ನಾಚಿಕೆ ಪಡಲಿ ಎಂದು ಪೋರ್ಟ್‌ಗಾರ್ವಿಯಲ್ಲಿ ಸಭೆಯವರ ಹನ್ನೆರಡು ಮನೆಗಳಿಗೆ ಒಂದೊಂದು ಪ್ರತಿ ಅಂಚೆಗೆ ಹಾಕಿದ್ದೇನೆ. ಮೊದಲನೆಯದು ಗಿಲ್ಬರ್ಟ್ ಮೇರ್‌ಗೆ.

ಹೆಮ್ಮೆಯಿಂದ,
ನಿನ್ನ ಎಪ್ಪಿ


ಗ್ಲಾಸ್ಗೋ
ಮಂಗಳವಾರ, 19 ಡಿಸೆಂಬರ್ 1961

ಅಜ್ಜಿ,

ಎರಡು ವಾರವಾಯಿತು. ಒಂದು ಸಾಲೂ ಇಲ್ಲ. ನನ್ನ ಪತ್ರ ನಿನ್ನ ಕೈಗೆ ಕೊಡುತ್ತಿಲ್ಲ ತಾನೇ? ಕೊಡದಿದ್ದರೆ ನಾನು ಪೊಲೀಸರವರೆಗೂ ಹೋಗುತ್ತೇನೆ. ಈ ಸಾಲನ್ನು ಅಪ್ಪ ಓದುತ್ತಿದ್ದರೆ, ಅಪ್ಪಾ, ನಿನಗೂ ಇದೇ ಮಾತು.

ನೀನು ಬೇಡವೆಂದರೂ ಉಪ್ಪಿನ ಬಟ್ಟಲು ಕೊಂಡೆ. ಗಾಜಿನದು, ಮೇಲೆ ತಗಡಿನ ಮುಚ್ಚಳ. ನಿನ್ನ ಹುಟ್ಟುಹಬ್ಬಕ್ಕೆ ನಾನೇ ತರುತ್ತೇನೆ. ಇನ್ನು ಯಾರ ಅಂಚೂ ನಿನಗೆ ಬೇಡ.

ಎಪ್ಪಿ


ಪೋರ್ಟ್‌ಗಾರ್ವಿ
ಮಂಗಳವಾರ, 9 ಜನವರಿ 1962

ಎಪ್ಪಿ,

ನಿನ್ನ ಪತ್ರಗಳೆಲ್ಲ ಬಂದಿವೆ. ಯಾರೂ ತಡೆದಿಲ್ಲ. ತಡೆದಿದ್ದು ನನ್ನ ಸಿಟ್ಟು. ಸಿಟ್ಟಿನಲ್ಲಿ ಬರೆದರೆ ಕಾಗದ ಹರಿಯುತ್ತದೆ ಎಂದು ಸುಮ್ಮನಿದ್ದೆ. ಈಗಲೂ ಅದು ಇಳಿದಿಲ್ಲ. ಹರಿದರೆ ಹರಿಯಲಿ.

ಹೆಸರು ಹಾಕಿಲ್ಲ ಎಂದು ಬರೆದೆ. ಈ ಕರಾವಳಿಯಲ್ಲಿ ಗರಗಸ ಹಾಕಿದ ಮೇಜು ಎಷ್ಟಿವೆ ಎಂದುಕೊಂಡೆ?

ಆಜ್ಞೆ ಏನಿತ್ತು ಗೊತ್ತೇ? ಮೇಜು ಬೇರೆ ಇರಬೇಕು ಎಂದು. ಅಷ್ಟೇ. ಉಳಿದವರೆಲ್ಲ ತಮ್ಮ ಮುದುಕರನ್ನು ಹಿಂದಿನ ಕೋಣೆಗೆ ಕಳಿಸಿದರು. ಬಲೆ ಇಡುವ ಅಟ್ಟದಲ್ಲಿ ಉಣ್ಣುವವರಿದ್ದಾರೆ. ಮೇಜು ಬೇರೆ ಎಂದರೆ ಕೋಣೆ ಬೇರೆ ಎಂದೇ ಎಲ್ಲರೂ ತಿಳಿದರು. ಗಿಲ್ಬರ್ಟ್ ಕೂಡ ಹಾಗೆಯೇ ತಿಳಿದಿದ್ದ. ನಿನ್ನಪ್ಪ ಒಬ್ಬನೇ ಎರಡು ದಿನ ಕೂತು ಆಜ್ಞೆಯನ್ನು ಮತ್ತೆ ಮತ್ತೆ ಓದಿ, ಸುಳ್ಳು ಹೇಳದೆ, ಸಭೆ ಬಿಡದೆ, ತಾಯಿಯನ್ನು ಎದುರಿಗಿಟ್ಟುಕೊಂಡು ಉಣ್ಣಲು ಇರುವ ಒಂದೇ ದಾರಿ ಹುಡುಕಿದ. ಗರಗಸ ಹಾಕುವಾಗ ಅವನ ಮುಖ ನೋಡಿದವಳು ನಾನು. ತನ್ನ ಅಪ್ಪನ ಬೆನ್ನಿಗೆ ಹಾಕಿದ ಹಾಗೆ ಹಾಕಿದ. ನಿನಗೆ ಅದು ಹಂದಿ ಕೊಯ್ದ ಹಾಗೆ ಕಂಡಿತು.

ಇದನ್ನು ನಿನಗೆ ಬಿಡಿಸಿ ಬರೆಯಬೇಕಿತ್ತು. ಬರೆಯಲಿಲ್ಲ. ಬಚ್ಚಿಟ್ಟದ್ದನ್ನು ಬರೆದರೆ ಬಚ್ಚಿಟ್ಟ ಹಾಗಾಗುವುದಿಲ್ಲವಲ್ಲ. ಅಷ್ಟು ತಪ್ಪು ನನ್ನದು.

ಡಿಸೆಂಬರ್ ಹನ್ನೊಂದಕ್ಕೆ ಗಿಲ್ಬರ್ಟ್ ಮತ್ತು ಇನ್ನಿಬ್ಬರು ಬಂದರು, ಮಧ್ಯಾಹ್ನ ಊಟದ ಹೊತ್ತಿಗೇ. ಈ ಸಲ ಒಳಗೆ ಬಂದರು. ಕೈಯಲ್ಲಿ ನಿನ್ನ ಕರಪತ್ರ. ನಮ್ಮ ಮುಂದೆ ಓಟ್ಸ್ ಹಿಟ್ಟು ಸವರಿ ಹುರಿದ ಮೀನು ಆರುತ್ತಿತ್ತು. ಗಿಲ್ಬರ್ಟ್ ಸಂದು ಅಳೆಯಬೇಕೆಂದ. ಅಳತೆಪಟ್ಟಿ ತಂದಿರಲಿಲ್ಲ. ಜೇಬಿನಿಂದ ಬೈಬಲ್ ತೆಗೆದು ಸಂದಿನೊಳಗೆ ಇಳಿಸಲು ನೋಡಿದ. ಇಳಿಯಲಿಲ್ಲ. ತಿರುಗಿಸಿ ನೋಡಿದ. ಆಗಲೂ ಇಳಿಯಲಿಲ್ಲ.

"ಸ್ಯಾಂಡಿ, ದೇವರ ವಾಕ್ಯಕ್ಕೂ ಇಲ್ಲಿ ಜಾಗ ಇಲ್ಲವಲ್ಲಯ್ಯ" ಎಂದ.

"ಚಿಕ್ಕ ಬೈಬಲ್ ತಾ" ಎಂದ ನಿನ್ನಪ್ಪ.

ನಗು ಬಂತು ನನಗೆ. ಇನ್ಯಾರೂ ನಗಲಿಲ್ಲ.

"ಇನ್ನು ಹಿಂದಿನ ಕೋಣೆ. ಬಾಗಿಲು ಹಾಕಿರಬೇಕು" ಎಂದ ಗಿಲ್ಬರ್ಟ್.

"ಹೆತ್ತವಳು ಬಾಗಿಲ ಹಿಂದೆ ಉಣ್ಣೋದನ್ನ ನಾನು ನೋಡಲ್ಲ."

"ನೋಡಬೇಡ ಅಂತಲೇ ಬಾಗಿಲು."

ಆಗ ಸ್ಯಾಂಡಿ ಎದ್ದ. ಹೊಡೆಯುತ್ತಾನೆ ಎಂದುಕೊಂಡೆ. ಅವನು ತನ್ನ ತಟ್ಟೆ ಎತ್ತಿ, ಸಂದು ದಾಟಿಸಿ, ನನ್ನ ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ನನ್ನ ಪಕ್ಕದಲ್ಲಿ ಕೂತ. ತಿನ್ನತೊಡಗಿದ. ಮುಳ್ಳು ಕೂಡ ತೆಗೆಯದೆ ತಿಂದ.

ಮರುವಾರವೇ ಅವನನ್ನು ಸಭೆಯಿಂದ ಹೊರಗೆ ಹಾಕಿದರು. ದೋಣಿಯಲ್ಲಿದ್ದವರೆಲ್ಲ ಸಭೆಯವರು. ಹೊರಗಿನವನ ಜೊತೆ ಕಡಲಿಗೆ ಹೋಗುವುದಿಲ್ಲ ಎಂದರು. ಇಪ್ಪತ್ತಾರು ವರ್ಷ ಒಂದೇ ಬಲೆ ಎಳೆದವರು.

ಈಗ ಕೇಳು, ಬುದ್ಧಿವಂತೆ. ಅವನು ಹೊರಗಿನವನಾದ ಮೇಲೆ ನಿನ್ನಮ್ಮ ಅವನ ಜೊತೆಗೂ ಉಣ್ಣುವ ಹಾಗಿಲ್ಲ. ಅವಳು ಸಭೆಯಲ್ಲೇ ಹುಟ್ಟಿದವಳು. ಅದನ್ನು ಬಿಟ್ಟರೆ ತನ್ನ ಆತ್ಮ ಕಡಲಿಗೆ ಬಿತ್ತು ಎಂದೇ ನಂಬಿದವಳು. ಆ ರಾತ್ರಿಯೆಲ್ಲ ಅತ್ತು, ಬೆಳಿಗ್ಗೆ ಬಂದು, "ಸ್ಯಾಂಡಿ, ನನ್ನ ಮೇಜು ಹಿಂದಿನ ಕೋಣೆಗೆ ಸಾಗಿಸ್ಬೇಕು, ಒಂದು ಕೈ ಹಾಕು" ಎಂದಳು. ಅವನು ಒಂದು ಕಡೆ ಹಿಡಿದ, ಇವಳು ಒಂದು ಕಡೆ ಹಿಡಿದಳು. ಬಾಗಿಲಲ್ಲಿ ಕಾಲು ಸಿಕ್ಕಿಕೊಂಡಾಗ, "ಸ್ವಲ್ಪ ಎತ್ತು ಇನಾ, ಬೆರಳು ಜೋಕೆ" ಎಂದ.

ನಿನ್ನ ಕರಪತ್ರದಲ್ಲಿ ಇದಕ್ಕೆ ಜಾಗ ಇದೆಯೇ?

ಮೊದಲು ಆ ಮೇಜು ಬಿಟ್ಟು ಎದ್ದವಳು ನೀನು. ಅಂದು ನಿನ್ನ ಖಾಲಿ ಕುರ್ಚಿ ನೋಡುತ್ತ ನಿನ್ನಪ್ಪ ಪ್ರಾರ್ಥನೆ ಮುಗಿಸಿದ. ಆಮೆನ್ ಹೇಳುವುದನ್ನು ಮರೆತ. ನಂಬಿಕೆ ಬೇರೆಯಾದರೆ ಒಟ್ಟಿಗೆ ಉಣ್ಣಬಾರದು ಎಂದು ಈ ಮನೆಗೆ ತೋರಿಸಿಕೊಟ್ಟವಳು ನೀನು. ಗಿಲ್ಬರ್ಟ್ ಎರಡು ವರ್ಷ ತಡವಾಗಿ ಬಂದ.

ಅಜ್ಜಿ


ಗ್ಲಾಸ್ಗೋ
ಶನಿವಾರ, 13 ಜನವರಿ 1962

ಅಜ್ಜಿ,

ನಿನ್ನ ಪತ್ರವನ್ನು ಡಿಪೋದ ಮೆಟ್ಟಿಲ ಮೇಲೆ ಕೂತು ಓದಿದೆ. ನನ್ನ ಬಸ್ಸು ನಾನಿಲ್ಲದೆ ಹೊರಡುವುದರಲ್ಲಿತ್ತು. ಚಾಲಕ ಹೊಡೆದ ಹಾರ್ನು ನನಗೆ ಕೇಳಿಸಲೇ ಇಲ್ಲ.

ಒಪ್ಪುವುದಿಲ್ಲ. ಅಪ್ಪನನ್ನು ಹೊರಗೆ ಹಾಕಿದವರು ಅವರು. ನಾನಲ್ಲ. ಬೈಬಲ್ ಹಿಡಿದು ಊಟದ ಮೇಜು ಅಳೆದವರು ಅವರು. ಗಂಡ ಹೆಂಡತಿಯ ನಡುವೆ ಬಾಗಿಲು ಇಟ್ಟವರು ಅವರು. ಕಳ್ಳತನ ಆಯಿತೆಂದು ಕೂಗಿದವಳ ಮೇಲೆ ಕಳ್ಳತನ ಹೊರಿಸುತ್ತೀಯಾ? ಇಷ್ಟು ದಿನ ಎಲ್ಲರೂ ಸಂದಿನಲ್ಲಿ ಬದುಕಿಕೊಂಡು ಹೋದದ್ದರಿಂದಲೇ ಗಿಲ್ಬರ್ಟ್ ಮೇರ್‌ನಂಥವರು ಬಾಗಿಲ ಅಗಲಕ್ಕೆ ಬೆಳೆದಿದ್ದಾರೆ. ಎರಡನೆಯ ಕರಪತ್ರ ಬರೆಯುತ್ತಿದ್ದೇನೆ. ಈ ಸಲ ಹೆಸರು ಹಾಕುತ್ತೇನೆ. ಎಲ್ಲರದ್ದೂ.

ಇಷ್ಟು ಬರೆದು ಎರಡು ಗಂಟೆಯಾಯಿತು. ಪತ್ರ ಮಡಿಸಲಾಗಲಿಲ್ಲ.

"ಬೆರಳು ಜೋಕೆ" ಎಂದನೇ? ಅದೇ ಮಾತೇ?

ಎರಡನೆಯ ಕರಪತ್ರದಲ್ಲಿ ಗಿಲ್ಬರ್ಟ್‌ನ ಹೆಸರು ಬರೆಯುವುದು ಸುಲಭ. ಅಮ್ಮನ ಹೆಸರು ಬರೆಯಬೇಕಾಗುತ್ತದೆ. ಅವಳೂ ಆ ಬಾಗಿಲು ಹಾಕಿದವಳೇ. ಅಲ್ಲಿಗೆ ಬಂದು ಲೇಖನಿ ನಿಂತಿದೆ.

ನಾನು ಅಂದು ಮೇಜು ಬಿಟ್ಟು ಎದ್ದದ್ದು ಬೇರೆ. ಅದು ಆತ್ಮಸಾಕ್ಷಿ. ಅವರದು ಆಜ್ಞೆ. ಎರಡೂ ಒಂದೇ ಅಲ್ಲ.

ಅಪ್ಪ ನಿಜವಾಗಿಯೂ ಆಮೆನ್ ಮರೆತನೇ?

ಎಪ್ಪಿ


ಪೋರ್ಟ್‌ಗಾರ್ವಿ
ಶನಿವಾರ, 3 ಫೆಬ್ರವರಿ 1962

ಪ್ರೀತಿಯ ಎಪ್ಪಿ,

ಹೌದು, ಮರೆತ. ಮರುದಿನದ ಊಟಕ್ಕೆ ಎರಡು ಸಲ ಹೇಳಿ ಸರಿ ಮಾಡಿಕೊಂಡ.

ನನ್ನ ಸಿಟ್ಟು ಸ್ವಲ್ಪ ಇಳಿದಿದೆ. ಯಾಕೆಂದರೆ ಅದರಲ್ಲಿ ಅರ್ಧವನ್ನು ಸೇರಬೇಕಾದವನಿಗೆ ಸೇರಿಸಿಬಂದೆ. ಹೋದ ಗುರುವಾರ ಬಂದರಿಗೆ ಹೋಗಿದ್ದೆ. ಗಿಲ್ಬರ್ಟ್ ಬಲೆ ಒಣಹಾಕುತ್ತಿದ್ದ. ಸುತ್ತ ಹತ್ತು ಹನ್ನೆರಡು ಜನ.

"ಗಿಬ್ಬಿ, ಬಾ ಇಲ್ಲಿ" ಎಂದೆ.

"ಮೇಸಿಯಮ್ಮ, ಈ ವಿಷಯ ಹಿರಿಯರ ಮುಂದೆ..."

"ನನಗಿಂತ ಹಿರಿಯರು ಇಲ್ಲಿ ಯಾರಿದ್ದಾರೋ? ನೀನು ಹುಟ್ಟಿದಾಗ ನಿಮ್ಮಮ್ಮನಿಗೆ ಜ್ವರ. ಎದೆಹಾಲು ಬತ್ತಿಹೋಯ್ತು. ನನ್ನ ಸ್ಯಾಂಡಿಗೆ ಆಗ ಮೂರು ತಿಂಗಳು. ಎಡಗಡೆ ಅವನು, ಬಲಗಡೆ ನೀನು. ಏಳು ವಾರ. ಆಗ ನಡುವೆ ಎಷ್ಟು ಬೆರಳು ಸಂದು ಇತ್ತು, ಅಳೆದಿದ್ಯಾ?"

ಅವನ ಮುಖ ಬೇಯಿಸಿದ ಏಡಿಯ ಹಾಗಾಯಿತು.

"ನಾನು ಊರ ಚರ್ಚಿನವಳು ಅಂತ ಆಗ ಬಾಯಿ ಮುಚ್ಚಿಕೊಳ್ಳಲಿಲ್ಲವಲ್ಲ. ಕಚ್ಚಿದ್ದೂ ಉಂಟು. ಗುರುತು ತೋರಿಸ್ಲಾ ಇವರಿಗೆಲ್ಲ?"

ಯಾರೋ ಹಿಂದಿನಿಂದ ನಕ್ಕರು. ಗಿಲ್ಬರ್ಟ್ ಬಲೆ ಕಡೆಗೆ ತಿರುಗಿದ. ಆಜ್ಞೆ ಬದಲಾಗಲಿಲ್ಲ, ಬದಲಾಗುವುದೂ ಇಲ್ಲ. ಆದರೆ ಮರುದಿನ ಅವನ ಹೆಂಡತಿ ನನ್ನನ್ನು ಕಂಡು ರಸ್ತೆ ದಾಟಿ ಆ ಬದಿಗೆ ಹೋದಳು. ಮೊದಲು ತಲೆ ಎತ್ತಿ ಹೋಗುತ್ತಿದ್ದಳು, ಈಗ ತಗ್ಗಿಸಿಕೊಂಡು ಹೋದಳು. ಅಷ್ಟಕ್ಕೆ ನನ್ನ ಸಾರು ಎರಡು ದಿನ ರುಚಿಯಾಯಿತು.

ನಿನ್ನಪ್ಪ ಈಗ ಬಂದರಿನಲ್ಲಿ ಬೇರೆಯವರ ದೋಣಿಗೆ ಬಣ್ಣ ಬಳಿಯುತ್ತಾನೆ. ದೋಣಿಗಳು ಹೊರಡುವ ಹೊತ್ತಿಗೆ ಕಡಲಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ನಿನ್ನ ಮೇಲೆ ಅವನು ಒಂದು ಮಾತೂ ಆಡಿಲ್ಲ. ನಿನ್ನ ಕರಪತ್ರ ಅವನ ಕೋಟಿನ ಜೇಬಿನಲ್ಲಿದೆ. ಒಂದು ದಿನ ಕೇಳಿದೆ, "ಸುಟ್ಟುಹಾಕೋದಲ್ವೇನೋ ಅದನ್ನ?" "ಬರವಣಿಗೆ ಚೆನ್ನಾಗಿದೆ" ಎಂದ. "ಮೇಜಿನ ಮರದ ಹೆಸರು ಹಾಕಿಲ್ಲ, ಅಷ್ಟೇ ತಪ್ಪು. ಅದು ಲಾರ್ಚ್."

ಇನ್ನು ಊಟದ ಸುದ್ದಿ. ಸಾರು ಈಗಲೂ ಒಂದೇ ಪಾತ್ರೆಯಲ್ಲಿ ಬೇಯುತ್ತದೆ. ನಾನೂ ಅವನೂ ಅಡುಗೆಮನೆಯಲ್ಲಿ. ನಿನ್ನಮ್ಮ ಹಿಂದಿನ ಕೋಣೆಯಲ್ಲಿ, ಒಬ್ಬಳೇ. ಬಾಗಿಲು ಹಾಕಿರುತ್ತದೆ. ಹಾಕಲೇಬೇಕು. ಆದರೆ ಈ ಮನೆಯಲ್ಲಿ ಉಪ್ಪಿನ ಬಟ್ಟಲು ಇರುವುದು ಒಂದೇ.

ಊಟಕ್ಕೆ ಕೂತು ಎರಡು ನಿಮಿಷ ಆಗುತ್ತದೆ. ಬಾಗಿಲು ತೆರೆಯುತ್ತದೆ. ನಿನ್ನಮ್ಮ ಬಟ್ಟಲು ತಂದು ಅವನ ಮುಂದೆ ಇಡುತ್ತಾಳೆ. "ಉಪ್ಪು" ಎನ್ನುತ್ತಾಳೆ. ಅವನು ಹಾಕಿಕೊಳ್ಳುತ್ತಾನೆ. ಅವಳು ನಿಂತಿರುತ್ತಾಳೆ. ತೆಗೆದುಕೊಂಡು ಹೋಗುತ್ತಾಳೆ. ಇನ್ನೆರಡು ನಿಮಿಷ. ಅವನು ಎದ್ದು ಹೋಗಿ ಬಾಗಿಲು ತಟ್ಟುತ್ತಾನೆ. "ಇನಾ, ಉಪ್ಪು ಸಾಲದು." ಮತ್ತೆ ಬರುತ್ತಾಳೆ. ನಿನ್ನೆ ಮೂರು ಸಲ ಬಂದಳು. ಎಪ್ಪಿ, ಈ ನಡುವೆ ಅವಳು ಮಾಡುವ ಅಡುಗೆಯಲ್ಲಿ ಉಪ್ಪೇ ಇರುವುದಿಲ್ಲ. ಮೂವತ್ತು ವರ್ಷ ಒಂದು ದಿನವೂ ಉಪ್ಪು ತಪ್ಪದವಳು.

ನಾನು ಬಾಯಿ ಬಿಟ್ಟಿಲ್ಲ. ಸಪ್ಪೆ ಸಾರು ಉಂಡುಕೊಂಡು ಕೂತಿರುತ್ತೇನೆ.

ಹದಿನೇಳನೆಯ ತಾರೀಕು ಶನಿವಾರ ನನಗೆ ಎಂಬತ್ತು ತುಂಬುತ್ತದೆ. ಬಾ. ನನ್ನ ಮೇಜಿನಲ್ಲಿ ಮೂರನೆಯ ಕುರ್ಚಿಗೆ ಜಾಗ ಇದೆ, ಸ್ಯಾಂಡಿ ಅಳೆದು ನೋಡಿದ್ದಾನೆ. ಅವನು ಈಗಲೂ ಪ್ರಾರ್ಥನೆ ಹೇಳಿಯೇ ಉಣ್ಣುತ್ತಾನೆ. ಅವರು ಅವನನ್ನು ಹೊರಗೆ ಹಾಕಿದರು, ಅವನು ದೇವರನ್ನು ಹೊರಗೆ ಹಾಕಿಲ್ಲ. ಅದು ನಿನಗೆ ಗೊತ್ತಿರಲಿ.

ನಿನ್ನ ಅಜ್ಜಿ


ಗ್ಲಾಸ್ಗೋ
ಗುರುವಾರ, 8 ಫೆಬ್ರವರಿ 1962

ಪ್ರೀತಿಯ ಅಜ್ಜಿ,

ಹದಿನೇಳರ ಶನಿವಾರ ಬೆಳಗಿನ ರೈಲಿಗೆ ಬರುತ್ತೇನೆ. ರಜೆ ಬರೆದುಕೊಟ್ಟಾಯಿತು.

ನನ್ನ ಸಿಟ್ಟು ಇಳಿದಿಲ್ಲ. ಇಳಿಯಬಾರದು ಎಂದೇ ನನ್ನ ನಂಬಿಕೆ. ಹೆತ್ತವಳನ್ನೂ ಕಟ್ಟಿಕೊಂಡವಳನ್ನೂ ಮೇಜಿನಿಂದ ಎಬ್ಬಿಸುವ ಆಜ್ಞೆ ಯಾರ ಹೆಸರಿನಲ್ಲಿ ಬಂದರೂ ಅದು ಅನ್ಯಾಯ. ಗಿಲ್ಬರ್ಟ್ ಎದುರು ಸಿಕ್ಕರೆ ಅವನ ಮುಖಕ್ಕೇ ಹೇಳುತ್ತೇನೆ, ಕಾಗದದಲ್ಲಲ್ಲ. ಎರಡನೆಯ ಕರಪತ್ರವನ್ನು ಚಮ್ಮಾರ ಮುದುಕ ಕೇಳಿದ. "ಇನ್ನೂ ಹಸಿ ಇದೆ" ಎಂದೆ.

ಅಪ್ಪ ಪ್ರಾರ್ಥನೆ ಹೇಳುವಾಗ ಕೂತಿರುತ್ತೇನೆ. ತಲೆ ಬಗ್ಗಿಸುವುದಿಲ್ಲ, ಕಣ್ಣು ಮುಚ್ಚುವುದಿಲ್ಲ, ಆಮೆನ್ ಎನ್ನುವುದಿಲ್ಲ. ಆದರೆ ಏಳುವುದಿಲ್ಲ. ಅವನು ಮರೆಯದೆ ಕೊನೆಯವರೆಗೆ ಹೇಳಲಿ.

ಅಮ್ಮ ಬಟ್ಟಲು ತಂದಾಗ ನಾನೂ ಹಾಕಿಕೊಳ್ಳುತ್ತೇನೆ. ಒಂದು ಸಲ ಅಲ್ಲ.

ಇನ್ನೊಂದು. ನಿನಗೆಂದು ಕೊಂಡಿದ್ದ ಗಾಜಿನ ಉಪ್ಪಿನ ಬಟ್ಟಲನ್ನು ಇವತ್ತು ಕೆಲಸ ಮುಗಿಸಿ ಅಂಗಡಿಗೆ ವಾಪಸು ಕೊಟ್ಟೆ. ಅಂಗಡಿಯವಳು ತಿರುಗಿಸಿ ತಿರುಗಿಸಿ ನೋಡಿ, "ಏನಮ್ಮ, ಒಡಕು ಇದೆಯಾ?" ಎಂದು ಕೇಳಿದಳು.

"ಇಲ್ಲ, ಚೆನ್ನಾಗೇ ಇದೆ" ಎಂದೆ. "ನಮ್ಮ ಮನೇಲಿ ಒಂದಿದೆ. ಎರಡು ಆಗಬಾರದು."

ನಿನ್ನ,
ಎಪ್ಪಿ